ಅಲೆಪ್ಪೋ ನಗರದ ಉಪಾಧ್ಯಾಯಿನಿ ಕರೆನ್ ಯೆಪ್ಪೆ

ಯುದ್ಧಗಳ ಚರಿತ್ರೆಯನ್ನು ತರಗತಿಯಲ್ಲಿ ಬೋಧಿಸುವಾಗ ನಾವು ಅರಸರ, ಸೇನಾನಿಗಳ, ಸಂಧಿಪತ್ರಗಳ ಹೆಸರುಗಳನ್ನು ಹೇಳಿ ಮುಂದೆ ಸಾಗುತ್ತೇವೆ. ಗೆದ್ದವರಾರು, ಸೋತವರಾರು, ಯಾವ ಸೀಮೆ ಯಾರ ಪಾಲಾಯಿತು ಎಂಬಿಷ್ಟು ತಿಳಿದರೆ ಪರೀಕ್ಷೆಗೆ ಸಾಕು. ಆದರೆ ಊರುಗಳು ಉರಿದು ಜನರು ದಿಕ್ಕಾಪಾಲಾಗಿ ಓಡುವ ಹೊತ್ತಿನಲ್ಲಿ ತಾಯಿಯ ಕೈತಪ್ಪಿದ ಮಗುವಿಗೆ ಏನಾಗುತ್ತದೆ, ಅದು ಯಾರ ಕೈ ಸೇರುತ್ತದೆ, ಯಾರು ಅದನ್ನು ಯಾರಿಗೆ ಮಾರುತ್ತಾರೆ, ಎಷ್ಟೋ ವರ್ಷಗಳ ಮೇಲಾದರೂ ಅದನ್ನು ಅರಸಿಕೊಂಡು ಬರುವವರು ಇರುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ಸ್ಥಳವಿರುವುದಿಲ್ಲ. ಹಾಗೆ ಅರಸಿಕೊಂಡು ಹೋದ ಒಬ್ಬ ಉಪಾಧ್ಯಾಯಿನಿಯ ಜೀವನವನ್ನು ಈ ವರ್ಷದ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ನಮಗೆ ತೋರಿತು. ಆಕೆಯ ಹೆಸರು ಕರೆನ್ ಯೆಪ್ಪೆ. ಅರ್ಮೇನಿಯನ್ ಜನರಲ್ಲಿ ಇದು ಮನೆಮಾತಾದ ಹೆಸರು. ನಮ್ಮ ನಾಡಿನಲ್ಲಿ ಬಲ್ಲವರು ಕಡಿಮೆ.

ಕರೆನ್ ಯೆಪ್ಪೆಯವರು ೧೮೭೬ನೆಯ ಇಸವಿ ಜುಲೈ ೧ರಂದು ಡೆನ್ಮಾರ್ಕ್ ದೇಶದ ಯುಟ್ಲೆಂಡ್ ಪ್ರಾಂತದ ಗೂಲಿಂಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಮಗಳ ಮೊದಲ ಗುರುವೂ ಅವರೇ. ಮುಂದೆ ಆಕೆ ರಾಜಧಾನಿಯಾದ ಕೋಪನ್‌ಹೇಗನ್ ನಗರಕ್ಕೆ ಸಮೀಪದ ಒಂದು ವಸತಿಶಾಲೆಯಲ್ಲಿ ಓದಿ, ಅಲ್ಲಿಯೇ ಪಾಠ ಹೇಳುವ ಕೆಲಸಕ್ಕೂ ನಿಂತರು. ಬೇಗ ಕಲಿಯಲಾರದ ಮಕ್ಕಳನ್ನು ಕೈಹಿಡಿದು ನಡೆಸುವುದರಲ್ಲಿ ಆಕೆಗೆ ವಿಶೇಷವಾದ ತಾಳ್ಮೆಯಿತ್ತು. ಚುರುಕಾದ ಮಗುವಿಗೆ ಕಲಿಸಿ ಕೀರ್ತಿ ಪಡೆಯುವುದು ಸುಲಭ. ಹಿಂದೆ ಬಿದ್ದವನನ್ನು ಮುಂದಕ್ಕೆ ತರುವುದರಲ್ಲಿಯೇ ಉಪಾಧ್ಯಾಯನ ಪರೀಕ್ಷೆಯಿರುವುದೆಂಬುದನ್ನು ಈ ವೃತ್ತಿಯಲ್ಲಿರುವ ನಾವೆಲ್ಲರೂ ಬಲ್ಲೆವು. ಆ ತಾಳ್ಮೆಯೇ ಮುಂದೆ ಆಕೆಯ ಬಂಡವಾಳವಾಯಿತು.

೧೯೦೨ರಲ್ಲಿ ಓಗೆ ಮೇಯರ್ ಬೆನೆಡಿಕ್ಟ್‌ಸೆನ್ ಎಂಬ ವಿದ್ವಾಂಸರ ಉಪನ್ಯಾಸವೊಂದನ್ನು ಕೇಳುವ ಪ್ರಸಂಗ ಯೆಪ್ಪೆಯವರಿಗೆ ಒದಗಿತು. ಉಪನ್ಯಾಸದ ವಿಷಯ, ತುರ್ಕಿಯ ಆಟೋಮನ್ ಸುಲ್ತಾನನ ರಾಜ್ಯದಲ್ಲಿ ಅರ್ಮೇನಿಯನ್ ಪ್ರಜೆಗಳ ಮೇಲೆ ನಡೆದಿದ್ದ ಹತ್ಯಾಕಾಂಡ. ಅರ್ಮೇನಿಯನ್ನರು ಪ್ರಾಚೀನವಾದ ಒಂದು ಕ್ರೈಸ್ತ ಜನಾಂಗ. ಸ್ವಂತ ಭಾಷೆಯನ್ನೂ, ಐದನೆಯ ಶತಮಾನದ ಆರಂಭದಲ್ಲಿ ಮೆಸ್ರೋಪ್ ಮಾಷ್ಟೋಟ್ಸ್ ಎಂಬ ಪಂಡಿತನು ರೂಪಿಸಿದ ಸ್ವಂತ ಲಿಪಿಯನ್ನೂ ಉಳ್ಳವರು. ೧೮೯೫ರ ಡಿಸೆಂಬರಿನಲ್ಲಿ ಉರ್ಫಾ ಎಂಬ ಒಂದೇ ನಗರದಲ್ಲಿ ಚರ್ಚಿನೊಳಗೆ ಆಶ್ರಯ ಪಡೆದಿದ್ದ ಸುಮಾರು ಮೂರು ಸಾವಿರ ಜನರು ಬೆಂಕಿಗೆ ಆಹುತಿಯಾಗಿದ್ದರು. ಅಲ್ಲಿ ಉಳಿದ ಅನಾಥ ಮಕ್ಕಳಿಗಾಗಿ ಯೋಹಾನೆಸ್ ಲೆಪ್ಸಿಯಸ್ ಎಂಬ ಜರ್ಮನ್ ಪಾದ್ರಿಯವರು ಒಂದು ಆಶ್ರಮವನ್ನು ನಡೆಸುತ್ತಿದ್ದರು. ಅದಕ್ಕೊಬ್ಬ ಉಪಾಧ್ಯಾಯಿನಿ ಬೇಕಾಗಿತ್ತು. ೧೯೦೩ರಲ್ಲಿ, ಇಪ್ಪತ್ತೇಳು ವರ್ಷದ ಯೆಪ್ಪೆಯವರು ಊರು, ಕೆಲಸ, ಬಂಧುಬಳಗವನ್ನು ಬಿಟ್ಟು ಉರ್ಫಾ ನಗರಕ್ಕೆ ಹೊರಟುಬಂದರು. ದೇಹದಾರ್ಢ್ಯವುಳ್ಳವರೇನೂ ಅಲ್ಲ, ಆಗಾಗ ಕಾಯಿಲೆ ಬೀಳುತ್ತಿದ್ದವರು.

ಉರ್ಫಾ ನಗರದಲ್ಲಿ ಆಕೆ ಮೊದಲು ಮಾಡಿದ ಕೆಲಸವೆಂದರೆ ತಾನೇ ವಿದ್ಯಾರ್ಥಿನಿಯಾದುದು. ಮಕ್ಕಳ ಮಾತಾದ ಅರ್ಮೇನಿಯನ್, ಸರಕಾರದ ಮಾತಾದ ತುರ್ಕಿ, ಸಂತೆಯ ಮಾತಾದ ಅರಬ್ಬಿ ಈ ಮೂರನ್ನೂ ಕಲಿತರು. ಬಳಿಕ ಶಾಲೆಯ ಆಡಳಿತವು ಆಕೆಯ ಕೈಗೆ ಬಂತು. ಬರಿಯ ಓದುಬರಹದಿಂದ ಅನಾಥರ ಹೊಟ್ಟೆ ತುಂಬದೆಂದು ಕಂಡು ಕೈಕಸಬುಗಳನ್ನು ಕಲಿಸುವ ಏರ್ಪಾಡು ಮಾಡಿದರು. ಊರ ಹೊರಗಿನ ಬೆಟ್ಟದ ಸೀಮೆಯಲ್ಲಿ ಒಂದಿಷ್ಟು ಭೂಮಿಯನ್ನು ಕೊಂಡು ದ್ರಾಕ್ಷಿಯ ತೋಟವನ್ನು ಎಬ್ಬಿಸಿದರು. ಅಲ್ಲಿ ಸುತ್ತಣ ಕುರ್ದರ, ಅರಬರ ಪರಿಚಯವೂ ಸ್ನೇಹವೂ ಬೆಳೆಯಿತು. ಮಿಸಾಕ್ ಎಂಬ ಅನಾಥ ಬಾಲಕನನ್ನೂ ಲೂಸಿಯಾ ಎಂಬ ಬಾಲಕಿಯನ್ನೂ ಸ್ವಂತ ಮಕ್ಕಳಂತೆ ಸಾಕಿದರು. ದೊಡ್ಡವರಾದ ಮೇಲೆ ಅವರಿಬ್ಬರೇ ವಿವಾಹವಾದರು. ಹನ್ನೊಂದು ವರ್ಷ ಹೀಗೆ ಕಳೆಯಿತು. ಇಲ್ಲಿಗೇ ಕಥೆ ನಿಂತಿದ್ದರೆ ಕರೆನ್ ಯೆಪ್ಪೆಯವರು ಒಳ್ಳೆಯ ಶಾಲೆಯೊಂದನ್ನು ನಡೆಸಿದ ಉಪಾಧ್ಯಾಯಿನಿಯೆಂದು ಆ ಊರಿನವರು ನೆನೆಯುತ್ತಿದ್ದರು, ಅಷ್ಟೆ.

೧೯೧೪ರಲ್ಲಿ ಮಹಾಯುದ್ಧವು ಆರಂಭವಾಯಿತು. ತುರ್ಕಿಯು ಜರ್ಮನಿಯ ಪಕ್ಷ ವಹಿಸಿ ರಣರಂಗಕ್ಕೆ ಇಳಿಯಿತು. ಮರುವರ್ಷ ಆ ಸರಕಾರವು ಅರ್ಮೇನಿಯನ್ ಪ್ರಜೆಗಳೆಲ್ಲರನ್ನೂ ಶತ್ರುಗಳೆಂದು ಶಂಕಿಸಿ, ಊರೂರುಗಳಿಂದ ಅವರನ್ನು ಎಬ್ಬಿಸಿ ಸಿರಿಯಾದ ಮರಳುಗಾಡಿನ ಕಡೆಗೆ ಅಟ್ಟತೊಡಗಿತು. ಗಂಡಸರನ್ನು ಪ್ರತ್ಯೇಕಿಸಿ ಬಹುಮಟ್ಟಿಗೆ ಮೊದಲೇ ಕೊಂದರು. ಮುದುಕರು, ಹೆಂಗಸರು, ಮಕ್ಕಳು ಬಿಸಿಲಿನಲ್ಲಿ ನೂರಾರು ಮೈಲಿ ಕಾಲುನಡಿಗೆಯಲ್ಲಿ ನಡೆದರು. ಅನ್ನವಿಲ್ಲ, ನೀರಿಲ್ಲ. ಈ ವಿನಾಶದಲ್ಲಿ ಸತ್ತವರ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನದೆಂದು ಬಹುಮಂದಿ ಚರಿತ್ರಕಾರರ ಎಣಿಕೆ.

ಸಾಯದೆ ಉಳಿದ ಮಕ್ಕಳ ಗತಿಯೇನಾಯಿತೆಂಬುದು ನಮಗೆ ಇಲ್ಲಿ ಮುಖ್ಯ. ನಡೆಯುವ ಗುಂಪುಗಳ ಕಾವಲಿಗಿದ್ದ ಸಿಪಾಯಿಗಳೇ ಹೆಣ್ಣುಮಕ್ಕಳನ್ನು ದಾರಿಯುದ್ದಕ್ಕೂ ಹಣಕ್ಕೆ ಮಾರಿದರು. ಹಳ್ಳಿಯವರು ಗುಂಪಿಗೆ ನುಗ್ಗಿ ಕಂಡ ಮಕ್ಕಳನ್ನು ಎತ್ತಿಕೊಂಡು ಹೋದರು. ಸಂತೆಗಳಲ್ಲಿ ಕುರಿಮೇಕೆಗಳ ಪಕ್ಕದಲ್ಲಿ ಮಕ್ಕಳಿಗೂ ಬೆಲೆ ಕಟ್ಟಿದ್ದುಂಟು. ಇನ್ನು ಕೆಲವೆಡೆ, ನಾಳೆ ಬೆಳಗಾಗುವುದರೊಳಗೆ ಮಗು ನೀರಡಿಕೆಯಿಂದ ಸಾಯುವುದೆಂದು ಬಲ್ಲ ತಾಯಂದಿರು ತಾವಾಗಿಯೇ ಅದನ್ನು ಯಾವನೋ ಅಪರಿಚಿತನ ಕೈಗೆ ಕೊಟ್ಟು ಮುಂದೆ ನಡೆದರು. ಹೀಗೆ ಸಾವಿರಾರು ಮಕ್ಕಳು ಅರಬರ, ಕುರ್ದರ, ತುರ್ಕರ ಮನೆಗಳನ್ನೂ ಬಿಡಾರಗಳನ್ನೂ ಸೇರಿದರು. ಎಲ್ಲ ಮನೆಗಳೂ ಒಂದೇ ತೆರನಾಗಿದ್ದುವೆಂದು ತಿಳಿಯತಕ್ಕದ್ದಲ್ಲ. ಕೆಲವರು ಆ ಮಕ್ಕಳನ್ನು ನಿಜವಾಗಿಯೂ ಹೊಟ್ಟೆಯ ಮಕ್ಕಳಂತೆ ಕಂಡರು. ಹೆಚ್ಚಿನ ಕಡೆಗಳಲ್ಲಿ ಗಂಡುಮಕ್ಕಳು ಕೂಲಿಯಿಲ್ಲದ ಕುರಿಗಾಹಿಗಳಾದರು. ಹೆಣ್ಣುಮಕ್ಕಳು ತೊತ್ತುಗಳಾದರು, ಇನ್ನೂ ಬಾಲ್ಯ ಕಳೆಯುವ ಮೊದಲೇ ಬಲವಂತದಿಂದ ಯಾರಿಗೋ ಹೆಂಡಿರಾದರು. ಎಲ್ಲರ ಹೆಸರುಗಳೂ ಬದಲಾದುವು. ಬೆದವೀನ್ ಅರಬರ ಪದ್ಧತಿಯಂತೆ ಅನೇಕ ಹೆಣ್ಣುಮಕ್ಕಳ ಮುಖಕ್ಕೂ ಕೈಗಳಿಗೂ ನೀಲಿಯ ಹಚ್ಚೆಯನ್ನು ಹೊಯ್ದರು. ಅದು ತೊಳೆದರೆ ಹೋಗುವಂಥದಲ್ಲ.

ಉರ್ಫಾ ನಗರವು ಈ ಗುಂಪುಗಳು ಹಾದುಹೋಗುವ ಮಾರ್ಗದಲ್ಲಿಯೇ ಇತ್ತು. ಯೆಪ್ಪೆಯವರು ಕೈಲಾದಷ್ಟು ರೊಟ್ಟಿಯನ್ನೂ ನೀರನ್ನೂ ಒದಗಿಸಿದರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಆ ನಗರದ ಅರ್ಮೇನಿಯನ್ನರೇ ಹೊರಡಲೊಪ್ಪದೆ ಶಸ್ತ್ರ ಹಿಡಿದು ನಿಂತರು. ಮೂರು ವಾರಗಳಲ್ಲಿ ಸೈನ್ಯವು ಫಿರಂಗಿಗಳಿಂದ ಅವರ ಬೀದಿಗಳನ್ನು ನೆಲಸಮ ಮಾಡಿತು. ಆಗ ಯೆಪ್ಪೆಯವರ ಮನೆಯ ನೆಲದ ಕೆಳಗೆ ಜನರು ಅಡಗಿದ್ದರು. ಸಿಕ್ಕಿಬಿದ್ದರೆ ಅಡಗಿದವರಿಗೂ ಅಡಗಿಸಿದವರಿಗೂ ಉಳಿಗಾಲವಿರಲಿಲ್ಲ. ಆಕೆ ಎದೆಗುಂದದೆ, ಕುರ್ದರ ಅರಬರ ವೇಷ ತೊಡಿಸಿ ಒಬ್ಬೊಬ್ಬರನ್ನಾಗಿ ಊರ ಹೊರಗೆ ದಾಟಿಸಿದರು. ದ್ರಾಕ್ಷಿಯ ತೋಟದ ದಿನಗಳಲ್ಲಿ ಬೆಳೆದ ಸ್ನೇಹವು ಈಗ ಒದಗಿ ಬಂತು. ಹೊರಗೆ ಅವರನ್ನು ಬರಮಾಡಿಕೊಂಡವರೂ ಕುರ್ದರು, ಅರಬರೇ ಆಗಿದ್ದರೆಂಬುದನ್ನು ಈ ಕಥೆಯನ್ನು ಓದುವವರು ಮರೆಯಕೂಡದು. ಕೊಂಡವನೂ ಕಾಪಾಡಿದವನೂ ಒಂದೇ ಜಾತಿಯವರಾಗಿರುವುದನ್ನು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಇಂಥ ಬಾಳುವೆಯನ್ನು ವರ್ಷಗಟ್ಟಲೆ ತಡೆಯುವುದು ಯಾರಿಗೂ ಸಾಧ್ಯವಿಲ್ಲ. ಆಕೆಯ ಆರೋಗ್ಯವು ಸಂಪೂರ್ಣವಾಗಿ ಕೆಟ್ಟು, ಯುದ್ಧ ಮುಗಿಯುವ ಕಾಲಕ್ಕೆ ಡೆನ್ಮಾರ್ಕಿಗೆ ಮರಳಬೇಕಾಯಿತು. ಸುಮಾರು ಮೂರು ವರ್ಷ ಅಲ್ಲಿಯೇ ಇದ್ದರು.

ಇತ್ತ ೧೯೧೮ರ ಅಕ್ಟೋಬರಿನಲ್ಲಿ ಅಲೆಪ್ಪೋ ನಗರವು ತುರ್ಕರ ಕೈಬಿಟ್ಟಿತು. ಇಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಅಕ್ಟೋಬರ್ ೨೬ರಂದು ಅಲೆಪ್ಪೋಗೆ ಉತ್ತರದ ಹರಿತಾನ್ ಎಂಬಲ್ಲಿ ಹಿಂಜರಿಯುತ್ತಿದ್ದ ತುರ್ಕಿ ಸೈನ್ಯದ ಮೇಲೆ ಏರಿಹೋದ ಕುದುರೆ ಸವಾರರು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಲ್ಯಾನ್ಸರ್ಸ್ ದಳದವರು. ಬೆಂಗಳೂರಿನಲ್ಲಿ ಆ ಮೈಸೂರು ದಳದ ಸ್ಮಾರಕವಿದೆ. ರಜೆಯಲ್ಲಿ ಊರಿಗೆ ಹೋದವರು ನೋಡಿ ಬರಬಹುದು. ಆ ಸವಾರರ ಕುದುರೆಗಳು ತುಳಿದ ನೆಲದಲ್ಲಿಯೇ, ಸುತ್ತಣ ಬಿಡಾರಗಳಲ್ಲಿ, ಈ ಮಕ್ಕಳು ಕುರಿ ಕಾಯುತ್ತಿದ್ದರು.

ಯುದ್ಧಾನಂತರ ಸಿರಿಯಾ ಫ್ರೆಂಚರ ಆಡಳಿತಕ್ಕೆ ಬಂತು. ೧೯೨೦ರ ಸೆವ್ರ್ ಸಂಧಿಪತ್ರದಲ್ಲಿ, ೧೯೧೪ರ ನವೆಂಬರಿನಿಂದೀಚೆಗೆ ಅಪಹೃತರಾದವರನ್ನೆಲ್ಲ ಹುಡುಕಿ ಬಿಡಿಸಬೇಕೆಂಬ ಒಂದು ವಿಧಿಯಿತ್ತು. ಆದರೆ ಆ ಸಂಧಿಪತ್ರವು ಜಾರಿಗೆ ಬರಲೇ ಇಲ್ಲ. ೧೯೨೩ರಲ್ಲಿ ಅದರ ಬದಲಿಗೆ ಲೊಸಾನ್ ನಗರದಲ್ಲಿ ಆದ ಸಂಧಿಯಲ್ಲಿ ಆ ವಿಧಿಗೆ ಸ್ಥಳ ದೊರೆಯಲಿಲ್ಲ. ಉಳಿದುದೊಂದು ರಾಷ್ಟ್ರಸಂಘ. ಈಗಿನ ವಿಶ್ವಸಂಸ್ಥೆಗೆ ಮೊದಲು ಜಿನೀವಾ ನಗರದಲ್ಲಿದ್ದ ಆ ಸಂಸ್ಥೆಯ ಒಡಂಬಡಿಕೆಯ ೨೩ನೆಯ ವಿಧಿಯಲ್ಲಿ, ಹೆಂಗಸರ ಮಕ್ಕಳ ಮಾರಾಟವನ್ನು ತಡೆಯುವ ಒಪ್ಪಂದಗಳ ಮೇಲ್ವಿಚಾರಣೆ ಸಂಘದ ಹೊಣೆಯೆಂದು ಹೇಳಿತ್ತು. ನಮ್ಮ ಸಂವಿಧಾನದಲ್ಲಿಯೂ ಮನುಷ್ಯರ ಮಾರಾಟವನ್ನು ನಿಷೇಧಿಸುವ ವಿಧಿಯ ಸಂಖ್ಯೆ ೨೩ ಆಗಿರುವುದು ಕಾಕತಾಳೀಯ. ನೆನಪಿಟ್ಟುಕೊಳ್ಳಲು ಮಾತ್ರ ಅನುಕೂಲ. ೧೯೨೧ರಲ್ಲಿ ರಾಷ್ಟ್ರಸಂಘವು ಈ ಮಕ್ಕಳ ವಿಷಯಕ್ಕಾಗಿ ಒಂದು ಆಯೋಗವನ್ನು ನೇಮಿಸಿತು. ಅದರ ಸದಸ್ಯರು ಮೂವರೇ. ಇಸ್ತಾಂಬೂಲಿನಲ್ಲಿ ಕೆನಡಿ ಎಂಬ ವೈದ್ಯರು ಮತ್ತು ಎಮ್ಮಾ ಕುಷ್‌ಮನ್ ಎಂಬ ಅಮೆರಿಕನ್ ಮಹಿಳೆ. ಅಲೆಪ್ಪೋದಲ್ಲಿ ಕರೆನ್ ಯೆಪ್ಪೆ. ಆ ವರ್ಷ ಆಕೆ ಆಗಲೇ ಅಲೆಪ್ಪೋಗೆ ಬಂದು, ನಿರಾಶ್ರಿತರ ಗುಡಿಸಲುಗಳ ನಡುವೆ ಕೆಲಸಕ್ಕೆ ಇಳಿದಿದ್ದರು.

ಅಧಿಕಾರವೆಂದರೆ ಕಾಗದದ ಮೇಲಿನದು. ಸೈನ್ಯವಿಲ್ಲ, ನ್ಯಾಯಾಲಯವಿಲ್ಲ. ಜಿನೀವಾದಿಂದ ಬರುತ್ತಿದ್ದ ಹಣವು ಸ್ವಲ್ಪ, ಅದೂ ವರ್ಷಕ್ಕೊಮ್ಮೆ ಚರ್ಚೆಯಾಗಿ ಬರಬೇಕು. ಡೆನ್ಮಾರ್ಕಿನ ಮತ್ತು ಇತರ ದೇಶಗಳ ದಾನಿಗಳಿಗೆ ಆಕೆ ಎಡೆಬಿಡದೆ ಪತ್ರ ಬರೆಯಬೇಕಾಗಿತ್ತು. ಇಷ್ಟರಿಂದಲೇ ಅಲೆಪ್ಪೋದಲ್ಲಿ ಒಂದು ರಕ್ಷಣಾಗೃಹವು ಏರ್ಪಟ್ಟಿತು. ಉತ್ತರ ಸಿರಿಯಾದ ಗಡಿಯ ಊರುಗಳಲ್ಲಿ ಸಣ್ಣ ಠಾಣ್ಯಗಳು ನೆಲೆಗೊಂಡುವು. ಅಲ್ಲಿದ್ದ ಅರ್ಮೇನಿಯನ್ ಕಾರ್ಯಕರ್ತರು ಬಿಡಾರದಿಂದ ಬಿಡಾರಕ್ಕೆ ಸಂಚರಿಸಿ, ಇಂಥಲ್ಲಿ ಇಂಥ ಮಗುವಿದೆಯೆಂಬ ಸುದ್ದಿ ಸಂಗ್ರಹಿಸುತ್ತಿದ್ದರು. ಕೆಲವೆಡೆ ಮಾತಿನಿಂದ, ಕೆಲವೆಡೆ ಹಣ ಕೊಟ್ಟು, ಕೆಲವೆಡೆ ರಾತ್ರಿಯ ಹೊತ್ತಿನಲ್ಲಿ ಮಗುವನ್ನು ದಾಟಿಸುವುದರಿಂದ ಕೆಲಸ ಸಾಗುತ್ತಿತ್ತು. ಅಪಾಯ ಕಡಿಮೆಯದಲ್ಲ. ಯೆಪ್ಪೆಯವರ ಹೆಸರನ್ನು ಕೊಂಡಾಡುವ ಬರಹಗಳಲ್ಲಿ ಈ ಕಾರ್ಯಕರ್ತರ ಹೆಸರುಗಳು ಮೂಲೆಗೆ ಸರಿಯುತ್ತವೆ. ಅದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಬಹುಮಂದಿ ಮಕ್ಕಳು ತಾವೇ ಓಡಿಬಂದವರು. ಅಲೆಪ್ಪೋದಲ್ಲಿ ಒಂದು ಮನೆಯಿದೆ, ಅಲ್ಲಿ ನಿನ್ನ ಜನರಿದ್ದಾರೆ ಎಂಬ ಮಾತು ಸಂತೆಗಳಲ್ಲಿ, ಬಾವಿಕಟ್ಟೆಗಳಲ್ಲಿ ಕಿವಿಯಿಂದ ಕಿವಿಗೆ ಹರಡಿತು. ೧೯೧೫ರಲ್ಲಿ ಏಳೆಂಟು ವರ್ಷದವರಾಗಿದ್ದವರು ಈಗ ಹದಿನಾಲ್ಕು ಹದಿನೈದರ ವಯಸ್ಸಿಗೆ ಬಂದಿದ್ದರು. ಒಂಟಿಯಾಗಿ, ದಿನಗಟ್ಟಲೆ ಮರಳುಗಾಡನ್ನು ನಡೆದು ಬಾಗಿಲು ತಟ್ಟಿದವರಿದ್ದಾರೆ.

ಬಾಗಿಲಿಗೆ ಬಂದ ಪ್ರತಿಯೊಬ್ಬರ ವಿವರವನ್ನೂ ದೊಡ್ಡ ದಾಖಲೆ ಪುಸ್ತಕಗಳಲ್ಲಿ ಬರೆದುಕೊಳ್ಳುವುದು ಅಲ್ಲಿಯ ಮೊದಲ ಕೆಲಸ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟೂರು, ವಯಸ್ಸು, ಬಂದ ದಿನ. ಕೆಳಗೆ ಆ ಮಗುವಿನ ಕಥೆ ಕೆಲವೇ ಪಂಕ್ತಿಗಳಲ್ಲಿ. ಜೊತೆಗೆ ಒಂದು ಭಾವಚಿತ್ರ. ಓದುವವರಿಗೆ ಇದು ಕಚೇರಿಯ ಶುಷ್ಕವಾದ ಕ್ರಮವೆಂದು ತೋರೀತು. ಆದರೆ ವಿಚಾರ ಮಾಡಿರಿ. ಏಳು ವರ್ಷಗಳ ಕಾಲ ಆ ಹುಡುಗಿಯನ್ನು ಯಾರೂ ಅವಳ ಹೆಸರಿನಿಂದ ಕರೆದಿಲ್ಲ. ಈಗ ಯಾರೋ ಒಬ್ಬರು ಲೇಖನಿ ಹಿಡಿದು ಎದುರಿಗೆ ಕುಳಿತು, ನಿನ್ನ ಹೆಸರೇನಮ್ಮ ಎಂದು ಕೇಳಿ, ಉತ್ತರಕ್ಕಾಗಿ ಕಾಯುತ್ತಾರೆ. ಕೆಲವರಿಗೆ ತಮ್ಮ ಹೆಸರು ನೆನಪಿತ್ತು, ಊರು ಮರೆತಿತ್ತು. ಕೆಲವರಿಗೆ ತಾಯಿಯ ಹೆಸರೊಂದೇ ಉಳಿದಿತ್ತು. ಆ ಒಂದು ತುಣುಕನ್ನೇ ಹಿಡಿದು, ಬದುಕಿ ಉಳಿದ ಬಂಧುಗಳು ಯಾವ ದೇಶದಲ್ಲಿದ್ದರೂ ಪತ್ತೆ ಹಚ್ಚುವ ಪ್ರಯತ್ನ ನಡೆಯುತ್ತಿತ್ತು. ೧೯೨೨ರಿಂದ ೧೯೩೦ರವರೆಗೆ ಈ ಪುಸ್ತಕಗಳಲ್ಲಿ ಸುಮಾರು ೧೭೦೦ ಜನರ ಹೆಸರುಗಳು ಸೇರಿದುವು. ಕಳೆದುಹೋದವರ ಲೆಕ್ಕದ ಮುಂದೆ ಇದು ಅಲ್ಪವೇ ಸರಿ.

ಬಹಳ ಮಕ್ಕಳು ಅರ್ಮೇನಿಯನ್ ಮಾತನ್ನೇ ಮರೆತಿದ್ದರು. ಅವರಿಗೆ ಮತ್ತೆ ಅಕ್ಷರಾಭ್ಯಾಸವಾಗಬೇಕಾಯಿತು. ಚೆನ್ನೈ ನಗರದಲ್ಲಿ ಕನ್ನಡ ಕಲಿಸುವ ನಮಗೆ ಈ ಪ್ರಸಂಗವನ್ನು ಓದುವಾಗ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ನಮ್ಮ ಮಕ್ಕಳು ಬೀದಿಯಲ್ಲಿ ತಮಿಳನ್ನು ಆಡಿ ಬೆಳೆಯುತ್ತಾರೆ. ಅದು ಅವರಿಗೆ ಲಾಭವೇ ಹೊರತು ನಷ್ಟವಲ್ಲ. ಸಂಜೆ ಮನೆಗೆ ಬಂದು ಅಮ್ಮನೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ಎರಡು ಮಾತುಗಳನ್ನು ಬಲ್ಲ ಮಗುವು ಬೇರೆ, ಹೊಡೆತಕ್ಕೆ ಹೆದರಿ ಒಂದು ಮಾತನ್ನು ನುಂಗಿಕೊಂಡ ಮಗುವು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ನಮ್ಮವರಲ್ಲಿಯೂ ಉಂಟು. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಪ್ರಸಂಗ ಬಂದುದರಿಂದ ಇನ್ನೊಂದನ್ನೂ ಸೂಚಿಸುತ್ತೇವೆ. ನಮ್ಮ ಜಾರ್ಜ್ ಟೌನಿನ ಅರ್ಮೇನಿಯನ್ ಬೀದಿ, ಅಲ್ಲಿನ ಹಳೆಯ ಚರ್ಚು ಇದೇ ಜನರ ವರ್ತಕರಿಂದ ಬಂದುವು. ಪ್ರಪಂಚದಲ್ಲಿಯೇ ಅರ್ಮೇನಿಯನ್ ಭಾಷೆಯ ಪ್ರಥಮ ಪತ್ರಿಕೆಯಾದ ಅಜ್ದರಾರ್ ೧೭೯೪ರಲ್ಲಿ ಅಚ್ಚಾದುದು ಈ ಮದರಾಸಿನಲ್ಲಿ. ಪರಸ್ಥಳದಲ್ಲಿದ್ದು ತಾಯಿನುಡಿಯನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಈ ಊರು ಹೊಸದಲ್ಲ.

ರಕ್ಷಣಾಗೃಹದಲ್ಲಿ ಓದಿನ ಜೊತೆಗೆ ದುಡಿಮೆಯನ್ನೂ ಕಲಿಸಿದರು. ಹೆಣ್ಣುಮಕ್ಕಳು ಕಸೂತಿ ಹೊಲಿದರು. ಗಂಡುಮಕ್ಕಳು ಕಸಬುಗಳನ್ನು ಕಲಿತರು. ಜೀವನೋಪಾಯವಿಲ್ಲದೆ ಹೊರಗೆ ಕಳುಹಿದರೆ ಮತ್ತೊಬ್ಬ ಮಾರುವವನ ಕೈಗೆ ಬೀಳುವರೆಂಬ ಭಯವು ಯೆಪ್ಪೆಯವರಿಗಿತ್ತು. ಬಿಡಿಸಿ ತರುವುದು ಅರ್ಧ ಕೆಲಸವೆಂಬುದನ್ನು ಅವರು ಉರ್ಫಾದ ಶಾಲೆಯಲ್ಲಿಯೇ ಅರಿತಿದ್ದರು.

ಈ ಕಾರ್ಯದ ಕಷ್ಟಗಳನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಒಂದು ಮಗುವು ಯಾರದೆಂದು ನಿರ್ಧರಿಸುವವರಾರು? ಇಸ್ತಾಂಬೂಲಿನಲ್ಲಿ ಎಮ್ಮಾ ಕುಷ್‌ಮನ್ ನಡೆಸಿದ ತಟಸ್ಥ ಗೃಹದಲ್ಲಿ, ಮಗುವು ಅರ್ಮೇನಿಯನ್ನೋ ತುರ್ಕಿಯೋ ಎಂಬ ಜಗಳವು ಎರಡು ಜನಾಂಗಗಳ ನಡುವಿನ ಜಗಳವೇ ಆಯಿತು. ತಮ್ಮ ಮಕ್ಕಳನ್ನು ಅನ್ಯಾಯವಾಗಿ ಅರ್ಮೇನಿಯನ್ನರೆಂದು ಬರೆದುಕೊಂಡರೆಂದು ತುರ್ಕರು ದೂರಿದರು. ಮರಳುಗಾಡಿನ ಬಿಡಾರಗಳಲ್ಲಿ ಪ್ರಶ್ನೆ ಇನ್ನೂ ತೊಡಕಾಗಿತ್ತು. ಅಪಹೃತಳಾಗಿ ಹೋದ ಹುಡುಗಿ ಈಗ ಸ್ವತಃ ತಾಯಿ. ತನ್ನ ಜನರಲ್ಲಿಗೆ ಬಂದರೆ ಹೆತ್ತ ಕೂಸನ್ನು ಬಿಟ್ಟುಬರಬೇಕಾದೀತು. ಕೂಸಿನೊಡನೆ ಇದ್ದರೆ ತನ್ನ ಜನರನ್ನು ಮತ್ತೆ ಕಾಣಲಾರಳು. ಕೆಲವರು ಬಂದರು. ಕೆಲವರು ಉಳಿದರು. ಉಳಿದವರನ್ನು ಹಳಿಯಲು ನಮಗೆ ಅಧಿಕಾರವಿಲ್ಲ. ನಮ್ಮ ದೇಶವೂ ೧೯೪೭ರ ವಿಭಜನೆಯ ಬಳಿಕ ಇದೇ ಪ್ರಶ್ನೆಯನ್ನು ಎದುರಿಸಿತು. ಪಂಜಾಬಿನಲ್ಲಿ ಎರಡೂ ಕಡೆ ಅಪಹೃತರಾದ ಹೆಂಗಸರನ್ನೂ ಮಕ್ಕಳನ್ನೂ ಹುಡುಕಿ ಮರಳಿಸಲು ೧೯೪೯ರಲ್ಲಿ ಶಾಸನವೇ ಆಯಿತು. ಮೃದುಲಾ ಸಾರಾಭಾಯಿಯವರು ಆ ಕಾರ್ಯದ ಮುಂಚೂಣಿಯಲ್ಲಿದ್ದರು. ಹೆಂಗಸರ ಇಷ್ಟವನ್ನು ಕೇಳದೆಯೇ ಮರಳಿಸಿದರೆಂಬ ಆಕ್ಷೇಪಣೆ ಆ ಶಾಸನದ ಮೇಲೆ ಇಂದಿಗೂ ಇದೆ. ದೊಡ್ಡ ತರಗತಿಯವರು ಇದನ್ನು ಚರ್ಚಿಸಬಹುದು.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಪ್ರಪಂಚದ ಕಾನೂನು ಕ್ರಮೇಣ ಸ್ಪಷ್ಟವಾಗಿದೆ. ೧೯೪೮ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಜನಾಂಗಹತ್ಯೆಯ ಒಡಂಬಡಿಕೆಯಲ್ಲಿ, ಒಂದು ಜನಾಂಗವನ್ನು ನಾಶಮಾಡುವ ಉದ್ದೇಶದಿಂದ ಅದರ ಮಕ್ಕಳನ್ನು ಬಲಾತ್ಕಾರವಾಗಿ ಇನ್ನೊಂದಕ್ಕೆ ಸೇರಿಸುವುದನ್ನು ಕೊಲೆಯ ಸಾಲಿನಲ್ಲಿಯೇ ಎಣಿಸಿದೆ. ೨೦೦೦ದಲ್ಲಿ ಆದ ಮಾನವ ಸಾಗಣೆಯ ವಿರುದ್ಧದ ಒಪ್ಪಂದದಂತೆ ೧೮ ವರ್ಷದೊಳಗಿನವರನ್ನು ದುಡಿಸಿಕೊಳ್ಳುವ ಅಥವಾ ಕೆಡಿಸುವ ಉದ್ದೇಶದಿಂದ ಕರೆದೊಯ್ದರೆ, ಮೋಸವಾಗಲಿ ಬಲವಂತವಾಗಲಿ ನಡೆಯದಿದ್ದರೂ, ಮಗುವೇ ಒಪ್ಪಿ ಬಂದಿದ್ದರೂ ಅದು ಅಪರಾಧ. ಭಾರತವು ಇದಕ್ಕೆ ೨೦೧೧ರಲ್ಲಿ ಸಮ್ಮತಿಯ ಮುದ್ರೆಯೊತ್ತಿತು. ಯೆಪ್ಪೆಯವರ ಕೈಯಲ್ಲಿ ಇಂಥ ಯಾವ ಕಾನೂನೂ ಇರಲಿಲ್ಲ.

೧೯೨೭ರ ಹೊತ್ತಿಗೆ ರಾಷ್ಟ್ರಸಂಘವು ತನ್ನ ಧನಸಹಾಯವನ್ನು ನಿಲ್ಲಿಸಿತು. ಜಿನೀವಾದಲ್ಲಿ ಆ ಪ್ರಕರಣವು ಮುಗಿದಂತೆ ತೋರಿರಬಹುದು. ಅಲೆಪ್ಪೋದಲ್ಲಿ ಮಕ್ಕಳು ಇನ್ನೂ ಬಾಗಿಲು ತಟ್ಟುತ್ತಿದ್ದರು. ಯೆಪ್ಪೆಯವರು ದಾನಿಗಳ ಹಣದಿಂದಲೇ ಮುಂದುವರಿಸಿದರು.

ಇಷ್ಟರಲ್ಲಿ ಆಕೆ ಮತ್ತೊಂದು ಪ್ರಯೋಗಕ್ಕೆ ಕೈಹಾಕಿದ್ದರು. ಹಾಜಿಮ್ ಪಾಷಾ ಎಂಬ ಬೆದವೀನ್ ಮುಖಂಡನ ಸ್ನೇಹದಿಂದ ಬಲೀಖ್ ನದಿಯ ಸೀಮೆಯಲ್ಲಿ ಭೂಮಿ ದೊರೆಯಿತು. ಬಿಡುಗಡೆಯಾದ ಯುವಕರು ಮತ್ತು ನಿರಾಶ್ರಿತ ಕುಟುಂಬಗಳು ಅಲ್ಲಿ ತೆಲ್ ಸಾಮೆನ್ ಮೊದಲಾದ ಕೆಲವು ಹಳ್ಳಿಗಳನ್ನು ಕಟ್ಟಿಕೊಂಡು ಬೇಸಾಯಕ್ಕೆ ತೊಡಗಿದರು. ಸಾಕುಮಗನಾದ ಮಿಸಾಕ್ ಈ ಕೆಲಸದಲ್ಲಿ ಆಕೆಯ ಬಲಗೈಯಾಗಿದ್ದನು. ಅರಬನೊಬ್ಬನ ರಕ್ಷಣೆಯಲ್ಲಿ ಅರ್ಮೇನಿಯನ್ ರೈತರು ನೇಗಿಲು ಹಿಡಿದರೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆ ತೆಲ್ ಸಾಮೆನ್ ಊರಿಗೆ ದಕ್ಷಿಣದಲ್ಲಿ ರಖ್ಖಾ ಎಂಬ ನಗರವಿದೆ. ೨೦೧೪ರ ಆಗಸ್ಟಿನಲ್ಲಿ ಇರಾಕಿನ ಸಿಂಜಾರ್ ಸೀಮೆಯಿಂದ ಯಜೀದಿ ಜನಾಂಗದ ಸಾವಿರಾರು ಹೆಂಗಸರನ್ನೂ ಮಕ್ಕಳನ್ನೂ ಐಸಿಸ್ ಪಡೆಗಳು ಅಪಹರಿಸಿ, ಅವರಲ್ಲಿ ಅನೇಕರನ್ನು ಇದೇ ರಖ್ಖಾ ನಗರಕ್ಕೆ ತಂದು ಮಾರಿದುವು. ೧೯೧೫ರಲ್ಲಿ ಓಡಿಬಂದ ಅರ್ಮೇನಿಯನ್ನರಿಗೆ ಸಿಂಜಾರ್ ಬೆಟ್ಟದಲ್ಲಿ ಆಶ್ರಯ ಕೊಟ್ಟಿದ್ದವರು ಆ ಯಜೀದಿಗಳ ಹಿರಿಯರು.

೧೯೩೫ರ ಬೇಸಗೆಯಲ್ಲಿ ಯೆಪ್ಪೆಯವರು ಈ ಹಳ್ಳಿಗಳ ಪೈಕಿ ಒಂದಾದ ತಿನೆ ಎಂಬಲ್ಲಿ ತಮ್ಮ ಚಿಕ್ಕ ಬಿಳಿಯ ಮನೆಯಲ್ಲಿದ್ದರು. ಅಲ್ಲಿ ಮಲೇರಿಯಾ ಜ್ವರ ತಗುಲಿತು. ಅಲೆಪ್ಪೋಗೆ ಕರೆತಂದರೂ ಚಿಕಿತ್ಸೆ ಫಲಿಸಲಿಲ್ಲ. ಜುಲೈ ೭ರಂದು, ಐವತ್ತೊಂಬತ್ತು ವರ್ಷ ತುಂಬಿದ ಆರು ದಿನಗಳ ಮೇಲೆ, ದೇಹ ಬಿಟ್ಟರು. ಅಲೆಪ್ಪೋದಲ್ಲಿಯೇ, ಅರ್ಮೇನಿಯನ್ನರ ಸ್ಮಶಾನದಲ್ಲಿ ಆಕೆಯ ಸಮಾಧಿಯಾಯಿತು. ೧೯೪೭ರಲ್ಲಿ ಆ ಊರಿನ ಅರ್ಮೇನಿಯನ್ ಜನರು ಒಂದು ವಿದ್ಯಾಶಾಲೆಯನ್ನು ಸ್ಥಾಪಿಸಿ ಅದಕ್ಕೆ ಕರೆನ್ ಯೆಪ್ಪೆಯವರ ಹೆಸರನ್ನಿಟ್ಟರು. ೨೦೧೨ರಿಂದ ೨೦೧೬ರವರೆಗೆ ಅದೇ ಅಲೆಪ್ಪೋ ಬೀದಿ ಬೀದಿಗಳಲ್ಲಿ ಯುದ್ಧವನ್ನು ಕಂಡಿತು.

ರಕ್ಷಣಾಗೃಹದ ದಾಖಲೆ ಪುಸ್ತಕಗಳು ಈಗ ಜಿನೀವಾದಲ್ಲಿ, ರಾಷ್ಟ್ರಸಂಘದ ಹಳೆಯ ಕಾಗದಪತ್ರಗಳ ಭಂಡಾರದಲ್ಲಿವೆ. ಒಂದೊಂದು ಮಗುವಿಗೂ ಅಲ್ಲಿ ಅದರದೇ ಸಂಖ್ಯೆ, ಅದರದೇ ಕಥೆ. ಚಿತ್ರಗಳಲ್ಲಿ ಕೆಲವು ಹುಡುಗಿಯರ ಗಲ್ಲದ ಮೇಲೆ ಹಚ್ಚೆಯ ಗುರುತುಗಳು ಕಾಣುತ್ತವೆ. ಪಕ್ಕದಲ್ಲಿ ಹುಟ್ಟಿದಾಗ ತಾಯ್ತಂದೆಗಳು ಇಟ್ಟ ಹೆಸರು ಬರೆದಿದೆ.